ನಲವತ್ತು ಪಿನ್ನಿನ ಮದುವೆಹೆಣ್ಣು

ತುಟಿಗಳ ನಡುವೆ ಮೂರು ಪಿನ್ನು ಹಿಡಿದುಕೊಂಡರೆ ನಡುವಿನದು ಮಾತ್ರ ನಾಲಿಗೆಗೆ ತಾಗುತ್ತದೆ. ತಣ್ಣನೆಯ ಕಬ್ಬಿಣದ ರುಚಿ, ಅದರ ಹಿಂದೆಯೇ ಸ್ವಲ್ಪ ಹುಳಿ.

ಕಳೆದ ತಿಂಗಳು ಚಾಮರಾಜನಗರದ ಕಲ್ಯಾಣ ಮಂಟಪವೊಂದರಲ್ಲಿ ಚಿಕ್ಕಮ್ಮನ ಮಗಳಿಗೆ ಸೀರೆ ಉಡಿಸುತ್ತಿದ್ದೆ. ಅಲಂಕಾರದವಳು ತಡವಾಗುತ್ತದೆಂದು ಫೋನು ಮಾಡಿದ್ದಳು. "ನಿನ್ ಕೈಲಿ ನೆರಿಗೆ ಗೀಟು ಎಳ್ದಂಗೆ ಕೂರ್ತದೆ, ನೀನೇ ಉಡ್ಸಮ್ಮಿ" ಎಂದು ಚಿಕ್ಕಮ್ಮ ನನ್ನನ್ನು ಹೆಣ್ಣಿನ ಕೋಣೆಯೊಳಗೆ ತಳ್ಳಿದ್ದರು. ಸೆರಗಿನ ಮಡಿಕೆ ಹಿಡಿಯಲು ಎರಡೂ ಕೈ ಬೇಕಾಯಿತು. ಪಿನ್ನುಗಳನ್ನು ಬಾಯಿಗೆ ಹಾಕಿಕೊಂಡೆ. ಆ ರುಚಿ ನಾಲಿಗೆಗೆ ತಾಗಿದ್ದೇ ತಡ, ಬಾಯಿತುಂಬ ಪಿನ್ನು ಕಚ್ಚಿಕೊಂಡೇ ಮಾತಾಡುತ್ತಿದ್ದ ಒಬ್ಬರು ನನ್ನ ಬೆನ್ನ ಹಿಂದೆ ಬಂದು ನಿಂತಂತಾಯಿತು. ಒಂಬತ್ತು ವರ್ಷಗಳಾದ ಮೇಲೆ.

ಅವರನ್ನು ನಾನು ಸ್ಟುಡಿಯೋ ಅಕ್ಕ ಎಂದು ಕರೆಯುತ್ತಿದ್ದೆ. ಎಂ.ಎ. ಮುಗಿಸಿ ಗುಂಡ್ಲುಪೇಟೆಯ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಹೋದಾಗ ನನಗೆ ಸಿಕ್ಕ ಬಾಡಿಗೆ ಕೋಣೆ ಅವರ ಫೋಟೋ ಸ್ಟುಡಿಯೋದ ಮೇಲಿತ್ತು. ಕೆಳಗೆ ಅಂಗಡಿ, ಅದರ ಹಿಂದೆ ಅವರ ಅಡುಗೆಮನೆ, ಮೆಟ್ಟಿಲು ಹತ್ತಿದರೆ ನಾನು. ಅವರಿಗೆ ಆಗ ಮೂವತ್ತೇಳೋ ಮೂವತ್ತೆಂಟೋ ಇರಬೇಕು. ಮದುವೆಯಾಗಿರಲಿಲ್ಲ. ಮದುವೆಗಳ ಫೋಟೋ, ವಿಡಿಯೋ ತೆಗೆಯುವುದು ಅವರ ಕಸುಬು. ಹೆಂಗಸು ಕ್ಯಾಮೆರಾ ಹಿಡಿದರೆ ಹೆಣ್ಣಿನ ಕೋಣೆಗೂ ಸಲೀಸಾಗಿ ಹೋಗಬಹುದೆಂದು ತೆರಕಣಾಂಬಿ ಕಡೆಯವರೆಲ್ಲ ಅವರನ್ನೇ ಕರೆಯುತ್ತಿದ್ದರು. ಕ್ಯಾಮೆರಾವನ್ನು ಕುತ್ತಿಗೆಗೆ ನೇತುಹಾಕಿಕೊಂಡೇ ಅವರು ಹೆಣ್ಣಿಗೆ ಸೀರೆ ಉಡಿಸುತ್ತಿದ್ದರು. ಪಿನ್ನು ಕಚ್ಚಿಕೊಂಡೇ ಬೀಗರನ್ನು ಗದರುತ್ತಿದ್ದರು. ಒಂದು ಹೆಣ್ಣಿಗೆ ನಲವತ್ತು ಪಿನ್ನು ಎನ್ನುವುದು ಅವರ ನಿಯಮ. ಒಂದು ಕಮ್ಮಿಯಾದರೂ ಧಾರೆಯ ಹೊತ್ತಿಗೆ ಸೆರಗು ಜಾರುತ್ತದಂತೆ.

ಅವರ ಜೊತೆ ಲೈಟು ಹಿಡಿಯಲು ಒಬ್ಬ ನಡುವಯಸ್ಸಿನ ಗಂಡಸು ಇದ್ದರು. ಎಲ್ಲರೂ ಲೈಟಣ್ಣ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ.

ಸಂಜೆ ಕಾಲೇಜಿನಿಂದ ಬಂದು ನಾನು ಅಂಗಡಿಯಲ್ಲಿ ಕೂರುತ್ತಿದ್ದೆ. ಅಕ್ಕ ಕಂಪ್ಯೂಟರಿನ ಮುಂದೆ ಮಿಕ್ಸಿಂಗ್ ಮಾಡುತ್ತಿದ್ದರು. ಸಂಕಲನ ಎಂಬ ಶಬ್ದ ನನಗೆ ಗೊತ್ತಿತ್ತು, ಕೆಲಸ ಗೊತ್ತಿರಲಿಲ್ಲ. ಅವರಿಗೆ ಕೆಲಸ ಗೊತ್ತಿತ್ತು. ಮಿಕ್ಸಿಂಗ್ ಮುಗಿದ ಮೇಲೆ ಮದುವೆ ಮನೆಯವರು, ಅಂದರೆ ಪಾರ್ಟಿಯವರು, ಬಂದು ನೋಡಿ ತಿದ್ದುಪಡಿಯ ಚೀಟಿ ಕೊಡುತ್ತಿದ್ದರು. ದೊಡ್ಡಪ್ಪನನ್ನು ಇನ್ನಷ್ಟು ಹೊತ್ತು ತೋರಿಸಬೇಕು, ಜಗಳವಾಡಿದ ಭಾವನನ್ನು ತೆಗೆಯಬೇಕು, ಇಂಥವು. ಅಕ್ಕ ಒಂದಕ್ಕೂ ಎದುರಾಡುತ್ತಿರಲಿಲ್ಲ. ಚೀಟಿಯನ್ನು ಮಾನಿಟರಿನ ಅಂಚಿಗೆ ಅಂಟಿಸಿಕೊಂಡು, ಒಂದೊಂದೇ ಮುಗಿಸಿ ಟಿಕ್ ಹಾಕುತ್ತಿದ್ದರು. ಕೊನೆಗೆ ಪಾರ್ಟಿಯವರು "ಓಕೆ" ಅಂದರೆ ಮೂಲವನ್ನೆಲ್ಲ ಅಳಿಸಿಬಿಡುತ್ತಿದ್ದರು. ಮುಂದಿನ ಮದುವೆಗೆ ಜಾಗ ಬೇಕಲ್ಲ. "ಪಾರ್ಟಿ ಓಕೆ ಅಂದ್ಮೇಲೆ ನಮ್ದೇನದೆ ಅಲ್ಲಿ?" ಎನ್ನುತ್ತಿದ್ದರು.

ಅಳಿಸದೆ ಉಳಿಸಿಕೊಳ್ಳುತ್ತಿದ್ದದ್ದು ಒಂದನ್ನೇ. 'ವೇಸ್ಟ್' ಎಂಬ ಫೋಲ್ಡರು. ಯಾವ ಪಾರ್ಟಿಗೂ ಬೇಡವಾದ ತುಣುಕುಗಳೆಲ್ಲ ಅಲ್ಲಿದ್ದವು. ಹಸೆಮಣೆಯ ಮೇಲೆ ಆಕಳಿಸುವ ಹೆಣ್ಣು, ಹಲ್ಲಿನ ಸೆಟ್ಟು ತೆಗೆದು ಸೆರಗಿನಲ್ಲಿ ಒರೆಸುವ ಅಜ್ಜಿ, ಊಟದ ಸಾಲಿನಲ್ಲಿ ಎಲೆಗಾಗಿ ನೂಕಾಡುವ ಬಿಳಿ ಅಂಗಿಯವರು, ಸಾರಿನ ಹಂಡೆಯ ಪಕ್ಕದಲ್ಲಿ ಯಾರನ್ನೋ ಬಾಯಿಗೆ ಬಂದಂತೆ ಬೈಯುವ ಅಡುಗೆಯವರು... ಅಕ್ಕ ಬೇಜಾರಾದಾಗ ಅದನ್ನು ಹಾಕಿಕೊಂಡು ಒಬ್ಬರೇ ನಗುತ್ತಿದ್ದರು.

ಆ ದಿನಗಳಲ್ಲಿ ನಾನೂ ಒಂದು ಸಿನಿಮಾ ಬರೆಯುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ. ಎಂಬತ್ತೆರಡು ಪುಟ, ನಾಲ್ಕನೆಯ ಸಲ ತಿದ್ದಿದ್ದು. ಎಂ.ಎ.ಯಲ್ಲಿ ನಾನು ಸಿನಿಮಾ ಅಧ್ಯಯನವನ್ನು ಐಚ್ಛಿಕವಾಗಿ ತೆಗೆದುಕೊಂಡಿದ್ದೆ. ಆಗ ಪರದೇಶದ ಪಂಕ್ ಸಿನಿಮಾಗಳ ಮೇಲೆ ಪ್ರಬಂಧ ಬರೆದು ಒಳ್ಳೆಯ ಅಂಕ ತೆಗೆದಿದ್ದೆ. ಕೈಯಲ್ಲಿ ಕಾಸಿಲ್ಲದವರು, ಕೂದಲನ್ನು ಮುಳ್ಳಿನಂತೆ ನಿಲ್ಲಿಸಿ, ಹರಿದ ಬಟ್ಟೆಗೆ ಪಿನ್ನು ಚುಚ್ಚಿಕೊಂಡು, ಸಂಗೀತ ಬಾರದಿದ್ದರೂ ಕಿರುಚಿ ಹಾಡಿ, ಸಿಕ್ಕ ಕ್ಯಾಮೆರಾದಲ್ಲಿ ತೆಗೆದ ಸಿನಿಮಾಗಳು ಅವು. ತೆರೆಕಂಡಾಗ ಯಾರೂ ಕೇಳಲಿಲ್ಲ. ಆಮೇಲೆ ಅವನ್ನು ಹತ್ತು ಹತ್ತು ಸಲ ನೋಡಿ ಮಾತುಗಳನ್ನು ಬಾಯಿಪಾಠ ಮಾಡಿದ ಒಂದು ಸಣ್ಣ ಗುಂಪು ಎಲ್ಲ ಕಡೆಯೂ ಹುಟ್ಟಿಕೊಂಡಿತು. ಆ ಆಕರ್ಷಣೆ ಎಲ್ಲಿಂದ ಬರುತ್ತದೆಂದು ನಾನು ಹದಿನಾಲ್ಕು ಪುಟ ವಿವರಿಸಿದ್ದೆ.

ಒಂದು ಸಂಜೆ ಅಕ್ಕನಿಗೆ ಅಂಥದ್ದೊಂದರ ತುಣುಕು ತೋರಿಸಿದೆ. ಅವರು ಪರದೆಗೆ ಮೂಗು ತಾಗಿಸಿ ನೋಡಿದರು.

"ಇದೇನಮ್ಮಿ, ಪಿನ್ನು ಚುಚ್ಕೊಂಡೋರು ಅಂತೀಯ. ನಮ್ ಒಂದೆಣ್ಣಿಗೆ ಚುಚ್ಚೋವಷ್ಟು ಪಿನ್ನು ಇವ್ರೆಲ್ಲ ಸೇರುದ್ರೂ ಇಲ್ವಲ್ಲ!"

ನಾನು ನಕ್ಕೆ. ಅದೇ ವಾರ, ಹೇಗೋ ಧೈರ್ಯ ಬಂದು, ನನ್ನ ಎಂಬತ್ತೆರಡು ಪುಟವನ್ನೂ ಅವರ ಕೈಗೆ ಕೊಟ್ಟೆ. ಕಿಟಕಿಯ ಬಳಿ ಕೂತು ಯೋಚಿಸುವ ಒಬ್ಬ ಉಪನ್ಯಾಸಕಿಯ ಕಥೆ ಅದು. ಎರಡು ದಿನ ಬಿಟ್ಟು ಹಿಂದಿರುಗಿಸಿದರು. ಪುಟಗಳ ಮೂಲೆ ಒಂದೂ ಮಡಿಸಿರಲಿಲ್ಲ.

"ಬೋ ಚೆಂದಾಗಿ ಬರ್ದಿದ್ದೀಯ ಕಣಮ್ಮಿ," ಎಂದರು. ಆಮೇಲೆ ಕೇಳಿದರು: "ಇದ್ರಲ್ಲಿ ಯಾರೂವೆ ಊಟ ಮಾಡಲ್ವಾ?"

ಅಂದಿನಿಂದ ನಾನು ಆ ಪುಟಗಳನ್ನು ಮುಟ್ಟಲಿಲ್ಲ.

ಆಷಾಢ ಬಂತು. ಆಷಾಢದಲ್ಲಿ ಮದುವೆಗಳಿಲ್ಲ; ಸ್ಟುಡಿಯೋದವರಿಗೆ ಅದು ಕೈ ಖಾಲಿಯ ತಿಂಗಳು. ಊರ ಹೊರಗೆ ಚೆಂಡುಹೂವಿನ ಹೊಲಗಳು ಮಾತ್ರ ತುಂಬಿರುತ್ತವೆ. ಒಂದು ಬೆಳಗ್ಗೆ ಮೆಟ್ಟಿಲಿಳಿದು ಬರುವಾಗ ಅಂಗಡಿಯಲ್ಲಿ ಅಕ್ಕ ಕೆಂಪು ಧಾರೆ ಸೀರೆ ಉಟ್ಟು, ಬಾಸಿಂಗ ಕಟ್ಟಿಕೊಂಡು ನಿಂತಿದ್ದರು. ಲೈಟಣ್ಣನ ಹೆಗಲ ಮೇಲೆ ಕ್ಯಾಮೆರಾ ಇತ್ತು. ಪಕ್ಕದಲ್ಲಿ ಇಬ್ಬರು ತಮಟೆಯವರು.

"ಸಿನಿಮಾ ತೆಗೀತೀವಿ ಕಣಮ್ಮಿ," ಎಂದರು ಅಕ್ಕ. "ಬಜೆಟ್ಟು ಅಂದ್ರೆ ಪೆಟ್ರೋಲು, ಪಿನ್ನು, ಇವ್ರಿಬ್ರಿಗೆ ಬಿರಿಯಾನಿ."

"ನಂಗೂ ಬಿರಿಯಾನಿ ಅಂದಿದ್ರಿ," ಎಂದರು ಲೈಟಣ್ಣ.

"ನೀನು ಕ್ಯಾಮ್ರಾ ಅಲ್ಲಾಡುಸ್ದೆ ಇದ್ರೆ."

ಅವರು ಅಲ್ಲಾಡಿಸಿದರು. ಇಡೀ ಸಿನಿಮಾ ಅಲ್ಲಾಡುತ್ತದೆ. ಲೈಟು ಹಿಡಿದವರ ಕೈಗೆ ಕ್ಯಾಮೆರಾ, ಕ್ಯಾಮೆರಾ ಹಿಡಿದವರ ಮೈಮೇಲೆ ಧಾರೆ ಸೀರೆ. ಆ ಅದಲುಬದಲಿನಲ್ಲಿ ನನಗೊಂದು ಜಾಗವಿರಬಹುದೆಂದು ನಾನು ಎರಡು ನಿಮಿಷ ಅಲ್ಲೇ ನಿಂತಿದ್ದೆ. ಯಾರೂ ಬೇಡ ಅನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಕಾಲೇಜಿಗೆ ಹೊತ್ತಾಗಿತ್ತು.

ಕಥೆ ಇಷ್ಟೇ. ಹಸೆಮಣೆಯ ಮೇಲೆ ಕೂತ ಹೆಣ್ಣಿಗೆ ಎಲ್ಲರೂ "ಸ್ವಲ್ಪ ನಗಮ್ಮ, ಸ್ವಲ್ಪ ನಗಮ್ಮ" ಎನ್ನುತ್ತಾರೆ. ಅವಳು ಬಚ್ಚಲಿಗೆ ಹೋಗಿ ಬರುತ್ತೇನೆಂದು ಎದ್ದು, ಅಡುಗೆಯವರ ನಡುವೆ ಹಾದು ಊಟಿ ರಸ್ತೆಗೆ ಬಂದುಬಿಡುತ್ತಾಳೆ. ದಾರಿಯುದ್ದಕ್ಕೂ ಸೀರೆಯ ಪಿನ್ನುಗಳನ್ನು ಒಂದೊಂದಾಗಿ ಕಿತ್ತು ಹಂಚುತ್ತಾಳೆ. ಕುರಿ ಮೇಯಿಸುವವನ ಹರಿದ ಚಪ್ಪಲಿಗೆ ಒಂದು, ಸ್ಕೂಲಿಗೆ ಹೋಗುವ ಹುಡುಗಿಯ ವೇಲಿಗೆ ಒಂದು, ಲಾರಿ ಡ್ರೈವರನ ಕಾಲಿನ ಮುಳ್ಳು ತೆಗೆಯಲು ಒಂದು, ಹೂವಿನ ಚೀಲದ ಬಾಯಿಗೆ ಎರಡು. ನಡುನಡುವೆ 'ವೇಸ್ಟ್' ಫೋಲ್ಡರಿನ ತುಣುಕುಗಳು ನುಗ್ಗಿಬರುತ್ತವೆ. ಆಕಳಿಸುವವರು, ಬೈಯುವವರು, ಎಲೆಗೆ ನೂಕಾಡುವವರು. ಹಿಂದೆ ತಮಟೆ, ಅದರ ಮೇಲೆ ಅಕ್ಕ ಗಂಟಲು ಹರಿಯುವಂತೆ ಕಿರುಚುವ ಒಂದೇ ಒಂದು ಸಾಲು, "ನಗಲ್ಲ ಕಣ್ರಯ್ಯಾ ನಾನು!" ಚೆಂಡುಹೂವಿನ ಹೊಲದಲ್ಲಿ ಫೋಟೋ ತೆಗೆಸಿಕೊಳ್ಳಲು ಕೇರಳದಿಂದ ಬಂದಿದ್ದ ಒಂದು ಕುಟುಂಬ ಅಕ್ಕನನ್ನು ನಿಜವಾದ ಮದುವೆಹೆಣ್ಣೆಂದು ತಿಳಿದು "ಚೇಚಿ, ಒಂದು ಫೋಟೋ" ಎಂದು ಸುತ್ತುವರಿದಿತ್ತು. ಅದೂ ಸಿನಿಮಾದಲ್ಲಿದೆ. ಕೊನೆಯ ಪಿನ್ನೂ ಹೋಗುವಷ್ಟರಲ್ಲಿ ಸೀರೆ ಹೆಗಲಿನಿಂದ ಜಾರಿ ಒಳಗಿನ ಗಂಡಸರ ಅಂಗಿ ಕಾಣುತ್ತದೆ. ಅವಳು ಬಂಡೀಪುರದ ದಾರಿಯ ಕಿಲೋಮೀಟರ್ ಕಲ್ಲಿನ ಮೇಲೆ ಕೂತು, ಮಡಿಲಿನಿಂದ ಹೋಳಿಗೆ ತೆಗೆದು ತಿನ್ನುತ್ತಾ ನೇರವಾಗಿ ನಮ್ಮನ್ನು ನೋಡುತ್ತಾಳೆ. ನಗುವುದಿಲ್ಲ. ಎರಡು ನಿಮಿಷ ಹದಿನೇಳು ಸೆಕೆಂಡು.

ಆಷಾಢದ ಕೊನೆಯ ಭಾನುವಾರ ಮಧ್ಯಾಹ್ನ ಅಂಗಡಿಯ ಗೋಡೆಗೆ ಬಿಳಿ ಪಂಚೆ ಕಟ್ಟಿ ಅದನ್ನು ತೋರಿಸಿದರು. ಶಟರು ಅರ್ಧ ಇಳಿಸಿದ್ದರು. ಮೂವತ್ತು ಜನ ಹಿಡಿಸದ ಜಾಗದಲ್ಲಿ ಅರವತ್ತು ಜನರಿದ್ದರು. ಅಡುಗೆಯವರು, ಬ್ಯಾಂಡಿನವರು, ಆಕಳಿಸಿದ ಹೆಣ್ಣುಗಳಲ್ಲಿ ಇಬ್ಬರು ಗಂಡಂದಿರ ಜೊತೆ.

"ಏ, ಅದು ನಾನು ಕಣ್ಲಾ! ನಾನ್ ಕಣ್ಲಾ ಬೈತಿರೋದು!"

"ನೀನೇ ಅಂತ ಬೈಗುಳದಲ್ಲೇ ಗೊತ್ತಾಯ್ತು, ಕೂತ್ಕೊ."

"ಅಜ್ಜಿ, ನಿನ್ ಹಲ್ಲು ನೋಡಜ್ಜಿ ಅಲ್ಲಿ!"

ಜನ ನಗುತ್ತಲೇ ಇದ್ದರು. ಕಿಲೋಮೀಟರ್ ಕಲ್ಲಿನ ಮೇಲೆ ಕೂತ ಆ ಮುಖ ಬಂದಾಗ ಮಾತ್ರ ಒಬ್ಬೊಬ್ಬರಾಗಿ ಸುಮ್ಮನಾದರು. ಆಮೇಲೆ ಒಬ್ಬ ಹೆಂಗಸು "ಇನ್ನೊಂದ್ಸಲ ಹಾಕಕ್ಕ" ಎಂದಳು. ಆ ಮಧ್ಯಾಹ್ನ ಮೂರು ಸಲ ಹಾಕಿದರು. ಮೂರನೆಯ ಸಲ ಎಲ್ಲರೂ ಸೇರಿ "ನಗಲ್ಲ ಕಣ್ರಯ್ಯಾ ನಾನು" ಎಂದು ಕಿರುಚುತ್ತಿದ್ದರು.

ನಾನು ಹದಿನಾಲ್ಕು ಪುಟದಲ್ಲಿ ವಿವರಿಸಿದ್ದೆಲ್ಲ ಆ ಅಂಗಡಿಯೊಳಗೆ, ಬೆವರಿನ ವಾಸನೆಯ ನಡುವೆ ನಡೆಯುತ್ತಿತ್ತು. ಅಕ್ಕ ಅದಕ್ಕಾಗಿ ಏನನ್ನೂ ಓದಿರಲಿಲ್ಲ. ಪಿನ್ನಿನ ಮಾತು ತೆಗೆದವಳು ನಾನು, ಆದ್ದರಿಂದ ಬೀಜ ನನ್ನದು ಎಂದು ಮೆಟ್ಟಿಲು ಹತ್ತುವಾಗ ನನಗೆ ನಾನೇ ಹೇಳಿಕೊಂಡೆ. ಕೋಣೆಗೆ ಹೋಗಿ ಮುಖ ತೊಳೆದುಕೊಂಡೆ. ಕನ್ನಡಿಯಲ್ಲಿ ನನ್ನ ಮುಖ ಎಂದಿನಂತೆ ಶಾಂತವಾಗಿಯೇ ಇತ್ತು. ಹೊಟ್ಟೆಕಿಚ್ಚು ಮುಖದಲ್ಲಿ ಕಾಣುತ್ತದೆ ಅನ್ನುತ್ತಾರೆ. ನನ್ನದು ಕಾಣಲಿಲ್ಲ.

ಮರುದಿನ ಅಕ್ಕ ಸಿನಿಮಾವನ್ನು ಪೆನ್‌ಡ್ರೈವಿಗೆ ಹಾಕಿ ನನಗೆ ಕೊಟ್ಟರು. ನೀಲಿ ಮುಚ್ಚಳದ್ದು. "ನೀನು ಓದಿರೋಳು. ಸರಿಯಾಗಿ ನೋಡಿ ಏನ್ ತಪ್ಪದೆ ಏಳಮ್ಮಿ. ಚಾಮರಾಜನಗರದಲ್ಲಿ ಸಣ್ ಸಣ್ ಸಿನಿಮಾ ತೋರುಸ್ತಾರಂತಲ್ಲ, ಅಲ್ಲಿಗೆ ಕಳಿಸ್ಬೈದಾ ನೋಡನ."

ನಾನು ಮೂರು ದಿನ ತೆಗೆದುಕೊಂಡು ಗೆರೆಹಾಳೆಯಲ್ಲಿ ಇಪ್ಪತ್ತಮೂರು ಅಂಶ ಬರೆದೆ. ಒಂದೂ ಸುಳ್ಳಲ್ಲ, ಯಾವ ಪಠ್ಯಪುಸ್ತಕ ತೆರೆದರೂ ಸಿಗುವಂಥವು. ಕ್ಯಾಮೆರಾ ಅಲ್ಲಾಡುತ್ತದೆ, ಸ್ಥಿರಗೊಳಿಸಿ. ತಮಟೆಯ ಶಬ್ದ ಮಾತನ್ನು ನುಂಗುತ್ತದೆ, ತಗ್ಗಿಸಿ. ಮದುವೆಯ ಹಳೆಯ ತುಣುಕುಗಳು ಕಥೆಗೆ ಸಂಬಂಧಿಸಿಲ್ಲ, ತೆಗೆಯಿರಿ. ಹತ್ತೊಂಬತ್ತನೆಯದು ಹೀಗಿತ್ತು: 'ನಿಮ್ಮ ಮುಖದ ಸಮೀಪದ ಶಾಟ್‌ಗಳು ಬೇಡ. ದೂರದಿಂದ ತೋರಿಸಿದರೆ ಸಾಕು. ನಟನೆ ಬಾರದಿರುವುದು ಗೊತ್ತಾಗುತ್ತದೆ. ಕೊನೆಯ ಶಾಟ್ ಪೂರ್ತಿ ತೆಗೆಯಬಹುದು.'

ಅದನ್ನೂ ಉಳಿದವುಗಳಂತೆಯೇ ಸಾಲು ತಪ್ಪದೆ ಬರೆದೆ. ನನ್ನ ಅಕ್ಷರ ಯಾವಾಗಲೂ ದುಂಡಗೆ.

ಅವರು ಎದುರಾಡುತ್ತಾರೆ, ಜಗಳವಾಡಬಹುದು, "ಹೋಗಮ್ಮಿ, ನಿನಗೇನು ಗೊತ್ತು" ಎನ್ನಬಹುದು ಎಂದುಕೊಂಡಿದ್ದೆ. ಹಾಗೆ ಅನ್ನಲಿ ಎಂದು ಬಯಸಿಯೂ ಇದ್ದೆನೇನೋ... ಆದರೆ ಅಕ್ಕ ಹಾಳೆಯನ್ನು ಎರಡು ಸಲ ಓದಿ ಮಾನಿಟರಿನ ಅಂಚಿಗೆ ಅಂಟಿಸಿಕೊಂಡರು. ನಾನು ಆಗ ಮೇಲಿನ ಕೋಣೆಯವಳಲ್ಲ, ತಂಗಿಯಂಥವಳೂ ಅಲ್ಲ. ಪಾರ್ಟಿ. ಪಾರ್ಟಿ ಕೊಟ್ಟ ಚೀಟಿಗೆ ಅವರು ಎಂದೂ ಎದುರಾಡಿದವರಲ್ಲ. ಐದು ದಿನ ಕೂತು ಒಂದೊಂದಕ್ಕೂ ಟಿಕ್ ಹಾಕಿದರು. ಹತ್ತೊಂಬತ್ತನೆಯದಕ್ಕೂ ಹಾಕಿದರು.

ಶ್ರಾವಣ ಆಗಲೇ ಶುರುವಾಗಿತ್ತು, ಮುಹೂರ್ತಗಳು ಸಾಲಾಗಿ ನಿಂತಿದ್ದವು. ಹೊಸ ಕಾಪಿಯನ್ನು ನನಗೆ ತೋರಿಸಿ ಅಕ್ಕ ಕುರ್ಚಿ ತಿರುಗಿಸಿ ಕೇಳಿದರು.

"ಓಕೆನಾ?"

ಆ ಮಾತಿನ ಅರ್ಥ ಆ ಅಂಗಡಿಯಲ್ಲಿ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಎರಡು ವರ್ಷದಿಂದ ನೋಡುತ್ತಿದ್ದೆ.

"ಓಕೆ ಅಕ್ಕ," ಎಂದೆ.

ಅವರು ಆ ಕಡೆ ತಿರುಗಿ ಮೂಲವನ್ನು ಅಳಿಸಿದರು. 'ವೇಸ್ಟ್' ಫೋಲ್ಡರನ್ನೂ. ಇನ್ನು ಅದೇಕೆ ಎಂದು ಅನಿಸಿರಬೇಕು, ಅದು ಬೇಡವೆಂದು ನಾನೇ ಬರೆದುಕೊಟ್ಟಿದ್ದೆನಲ್ಲ. ಪರದೆಯ ಮೇಲೆ ಒಂದು ಹಸಿರು ಪಟ್ಟಿ ಎಡದಿಂದ ಬಲಕ್ಕೆ ತುಂಬುತ್ತಾ ಹೋಯಿತು. ನಾನು ಅದು ಮುಗಿಯುವವರೆಗೂ ಅಲ್ಲೇ ಕೂತಿದ್ದೆ.

ಚಾಮರಾಜನಗರದಲ್ಲಿ ಸಣ್ಣ ಸಭಾಂಗಣವೊಂದರಲ್ಲಿ ಅದನ್ನು ತೋರಿಸಿದರು. ನಾನೇ ಏರ್ಪಾಡು ಮಾಡಿಸಿದ್ದೆ. ನಲವತ್ತು ನಿಮಿಷದ್ದು ಇಪ್ಪತ್ತೆರಡು ನಿಮಿಷಕ್ಕೆ ಇಳಿದಿತ್ತು. ದೂರದಲ್ಲಿ ಒಂದು ಕೆಂಪು ಸೀರೆ ಹಳದಿ ಹೊಲದ ಪಕ್ಕ ಸದ್ದಿಲ್ಲದೆ ನಡೆದುಹೋಗುತ್ತಿತ್ತು. ಮುಗಿದಾಗ ಒಂದಿಬ್ಬರು ಚಪ್ಪಾಳೆ ತಟ್ಟಿದರು. ಕನ್ನಡಕ ಹಾಕಿದ ಹಿರಿಯರೊಬ್ಬರು ಎದ್ದು ಬಂದು "ನೀಟಾಗಿದೆ" ಎಂದರು.

ಹಿಂದಿರುಗುವ ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತಿದ್ದರು. ತೆರಕಣಾಂಬಿ ಹತ್ತಿರವಾದಾಗ ನನ್ನ ಕಡೆ ತಿರುಗಿದರು.

"ನೀಟಾಗದೆ ಅಂದ್ರು," ಎಂದರು. "ಆಲ್ಬಮ್ಗೂ ಅಂಗೇ ಅಂತಾರೆ ಕಣಮ್ಮಿ."

ನಾನು ಕೈಚೀಲವನ್ನು ಮಡಿಲಿಗೆ ಎಳೆದುಕೊಂಡೆ.

"ಹಳೇದು ನಿನ್ ಪೆನ್‌ಡ್ರೈವಲ್ಲಿ ಅದೆಯಾ?"

ಅದು ನನ್ನ ಕೈಚೀಲದಲ್ಲೇ ಇತ್ತು. ಬೆರಳು ಒಳಗೆ ಹಾಕಿದ್ದರೆ ನೀಲಿ ಮುಚ್ಚಳ ಸಿಗುತ್ತಿತ್ತು.

"ಅಳಿಸಿಬಿಟ್ಟೆ ಅಕ್ಕ. ಕ್ಲಾಸಿನ ನೋಟ್ಸು ಹಾಕಿಕೊಳ್ಳಬೇಕಿತ್ತು."

ಅವರು ನನ್ನ ಮುಖ ನೋಡಿದರು. ಸಾವಿರ ಹೆಣ್ಣುಗಳ ಮುಖವನ್ನು ಕ್ಯಾಮೆರಾದಲ್ಲಿ ನೋಡಿದವರು. ಅವರಿಗೆ ತಿಳಿಯಿತೋ ಇಲ್ಲವೋ ಇಂದಿಗೂ ಗೊತ್ತಿಲ್ಲ.

"ಬುಡು," ಎಂದರು. ಕಿಟಕಿಯ ಕಡೆ ತಿರುಗಿ ಇನ್ನೊಂದು ಸಲ, "ಬುಡು ಅತ್ಲಾಗೆ."

ಆ ವರ್ಷದ ಕೊನೆಗೆ ನನಗೆ ಚಾಮರಾಜನಗರದಲ್ಲೇ ಕೆಲಸ ಸಿಕ್ಕಿತು. ಕೋಣೆ ಖಾಲಿ ಮಾಡುವ ದಿನ ಅಕ್ಕ ಯಾವುದೋ ಮದುವೆಗೆ ಹೋಗಿದ್ದರು. ಬೀಗದ ಕೈಯನ್ನು ಲೈಟಣ್ಣನಿಗೆ ಕೊಟ್ಟು ಬಂದೆ. ಯುಗಾದಿಗೆ ಒಂದೆರಡು ವರ್ಷ ಫೋನು ಮಾಡಿದೆ. ಆಮೇಲೆ ಅದೂ ನಿಂತಿತು...

ಸಿನಿಮಾವನ್ನು ಮಾತ್ರ ನೋಡುತ್ತಲೇ ಇದ್ದೆ. ವರ್ಷಕ್ಕೆ ನಾಲ್ಕೈದು ಸಲ, ಬಾಗಿಲು ಹಾಕಿಕೊಂಡು, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು. ಅಡುಗೆಯವರ ಬೈಗುಳ ನನಗೆ ಬಾಯಿಪಾಠವಾಗಿದೆ. ಯಾವ ಕ್ಷಣದಲ್ಲಿ ಲೈಟಣ್ಣ ಕಾಲು ಎಡವಿ ಆಕಾಶ ಬಂದುಬಿಡುತ್ತದೆ, ಯಾವ ಪಿನ್ನು ಕೀಳುವಾಗ ಅಕ್ಕನ ಬೆರಳಿಗೆ ಚುಚ್ಚಿ ರಕ್ತ ಬರುತ್ತದೆ, ಅವರು ಅದನ್ನು ಬಾಯಿಗಿಟ್ಟುಕೊಂಡು ಹಾಗೆಯೇ ನಡೆಯುತ್ತಾರೆ, ಎಲ್ಲವೂ ಗೊತ್ತು. ಅದರಲ್ಲಿ ನನ್ನನ್ನು ಹಿಡಿದಿಟ್ಟದ್ದು ಏನೆಂದು ಈಗ ಹೇಳಬಲ್ಲೆ. ಅಲ್ಲಿ ಯಾರೂ ಅಂಕಕ್ಕಾಗಿ ಏನನ್ನೂ ಮಾಡುತ್ತಿಲ್ಲ. ತಪ್ಪಾದರೆ ತಪ್ಪನ್ನೂ ಜೊತೆಗೆ ಕರೆದುಕೊಂಡು ಮುಂದೆ ಹೋಗುತ್ತಾರೆ. ನನಗೆ ಹಾಗೆ ಒಂದು ಸಾಲನ್ನೂ ಬರೆಯಲಾಗಲಿಲ್ಲ. ಪ್ರತಿ ಸಲ ನೋಡಿದಾಗಲೂ ಇಷ್ಟವಾಗುತ್ತಿತ್ತು, ಅಷ್ಟೇ ಹೊಟ್ಟೆಯೂ ಉರಿಯುತ್ತಿತ್ತು. ಪ್ರಪಂಚದಲ್ಲಿ ಅದರ ಪ್ರೇಕ್ಷಕಿ ನಾನೊಬ್ಬಳೇ ಎನ್ನುವುದು ಮಾತ್ರ ಒಂದು ಸಮಾಧಾನವಾಗಿತ್ತು. ಹೇಳಿಕೊಳ್ಳುವಂಥ ಸಮಾಧಾನವಲ್ಲ.

ಚಿಕ್ಕಮ್ಮನ ಮಗಳ ಮದುವೆಗೆ ವಿಡಿಯೋ ತೆಗೆಯಲು ಬಂದವರನ್ನು ನಾನು ಗಮನಿಸಿರಲಿಲ್ಲ. ಧಾರೆ ಮುಗಿದು, ಊಟದ ಮನೆಯ ಬಾಗಿಲಲ್ಲಿ ಕೈ ತೊಳೆಯುತ್ತಿದ್ದಾಗ ಅವರೇ ಹತ್ತಿರ ಬಂದರು. ಕೂದಲು ನರೆತಿತ್ತು. ಹೆಗಲ ಮೇಲೆ ಕ್ಯಾಮೆರಾ.

"ಲೆಕ್ಚರರ್ ಮೇಡಮ್ಮೋರಲ್ವಾ? ಮಹಡಿ ಮೇಲಿದ್ರಲ್ಲ."

ಲೈಟಣ್ಣ. ಈಗ ಗುಂಡ್ಲುಪೇಟೆಯಲ್ಲಿ ಅವರದೇ ಸ್ಟುಡಿಯೋ ಇದೆಯಂತೆ. ಅಕ್ಕ ಹೇಗಿದ್ದಾರೆಂದು ಕೇಳಿದೆ.

"ನಿಮ್ಗೆ ಗೊತ್ತಿಲ್ವಾ ಮೇಡಮ್? ಓಗ್ಬುಟ್ರಲ್ಲ. ಒಂದೂವರೆ ವರ್ಸ ಆಯ್ತು. ಜ್ವರ ಅಂತ ಮಲಗುದ್ರು, ಏಳ್ಲೇ ಇಲ್ಲ."

ನಲ್ಲಿ ಇನ್ನೂ ಹರಿಯುತ್ತಿತ್ತು. ಅವರೇ ಕೈ ಚಾಚಿ ನಿಲ್ಲಿಸಿದರು.

"ಒಂದ್ ಮಾತು ಏಳ್ಲಾ ಮೇಡಮ್? ತಿಥಿಗೆ ಫೋಟೋ ಇಡಾಕೆ ಹುಡುಕುದ್ರೆ, ಒಂದಾದ್ರೂ ಸಿಗ್ಬೇಕಲ್ಲ. ಊರೋರ್ದೆಲ್ಲ ತೆಗುದ್ರು, ಅವ್ರುದ್ದು ಯಾರೂ ತೆಗ್ದಿಲ್ಲ. ನಮ್ ಕಸುಬೇ ಅಂಗೆ, ಕ್ಯಾಮ್ರಾ ಹಿಂದೆ ಇರೋರು ಯಾವ್ ಫೋಟೋದಾಗೂ ಇರಲ್ಲ. ಕೊನೆಗೆ ಆಧಾರ್ ಕಾರ್ಡಿಂದು ದೊಡ್ದು ಮಾಡ್ಸಿ ಹಾರ ಹಾಕುದ್ವಿ. ಅದ್ರಲ್ಲಿ ಅವ್ರೋ ಬೇರೆ ಯಾರೋ ಅನ್ನಂಗಿದ್ರು."

"ಸಿನಿಮಾ ಇತ್ತಲ್ಲ," ಎಂದೆ.

"ಹೊಸುದ್ರಲ್ಲಿ ಮಕ ಎಲ್ಲಿ ಕಾಣ್ತದೆ ಮೇಡಮ್? ಬರೀ ಸೀರೆ. ಹಳೇದು ಇದ್ದಿದ್ರೆ..." ಎಂದು ಅವರು ಕ್ಯಾಮೆರಾದ ಪಟ್ಟಿ ಸರಿಮಾಡಿಕೊಂಡರು. "ಅವ್ರೂ ಕೇಳೋರು. ಸಿಕ್ಕೋರ್ನೆಲ್ಲ ಕೇಳೋರು, ಯಾರತ್ರನಾದ್ರೂ ಹಳೇ ಕಾಪಿ ಅದೆಯಾ ಅಂತ. ಆಸ್ಪತ್ರೆಗೆ ಸೇರ್ಕೊಳೋಕೆ ಮುಂಚೆನೂ ಒಂದಿನ ಕೇಳುದ್ರು."

ಒಳಗಿನಿಂದ ಯಾರೋ ಅವರನ್ನು ಕೂಗಿದರು. ಎರಡನೆಯ ಪಂಕ್ತಿ ಶುರುವಾಗಿತ್ತು. ಅವರು ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ಊರವರ ಮುಖಗಳನ್ನೆಲ್ಲ ಉಳಿಸಿಕೊಟ್ಟವರ ಮುಖ ನನ್ನ ಬೀರುವಿನ ಎರಡನೆಯ ಖಾನೆಯಲ್ಲಿ, ಕರ್ಚೀಫುಗಳ ಕೆಳಗಿತ್ತು.

ಆ ಸಂಜೆ ಮನೆಗೆ ಬಂದು ಪೆನ್‌ಡ್ರೈವ್ ತೆಗೆದೆ. ನೋಡಲಿಲ್ಲ. ಲ್ಯಾಪ್‌ಟಾಪಿಗೆ ಹಾಕಿ, ಒಂದು ಕಾಪಿ ನನ್ನಲ್ಲಿ ಇಟ್ಟುಕೊಳ್ಳಲೇ ಎಂದು ಯೋಚಿಸಿದೆ. ಅಂಥ ಹೊತ್ತಿನಲ್ಲೂ ಅದೇ ಯೋಚನೆ ಬಂತು. ಕಾಪಿ ಮಾಡದೆ ಹೊರತೆಗೆದು ನೀಲಿ ಮುಚ್ಚಳ ಹಾಕಿದೆ.

ಮರುದಿನ ಬೆಳಗ್ಗೆ ಏಳೂವರೆಯ ಬಸ್ಸಿಗೆ ಗುಂಡ್ಲುಪೇಟೆಗೆ ಹೋದೆ. ಲೈಟಣ್ಣನ ಸ್ಟುಡಿಯೋ ಆಗಷ್ಟೇ ತೆರೆದಿತ್ತು. ಅವರು ಗಾಜಿನ ಕೌಂಟರಿಗೆ ಬಟ್ಟೆ ಹಾಕಿ ಒರೆಸುತ್ತಿದ್ದರು. ಪೆನ್‌ಡ್ರೈವನ್ನು ಅವರ ಕೈಯಲ್ಲಿಟ್ಟೆ.

"ಹಳೆಯ ಕಾಪಿ," ಎಂದೆ.

ಅವರು ಅದನ್ನೂ ನನ್ನನ್ನೂ ನೋಡಿದರು. "ಎಲ್ಲಿ ಸಿಕ್ತು ಮೇಡಮ್?"

"ಸಿಕ್ಕಿದ್ದಲ್ಲ. ನನ್ನ ಹತ್ತಿರವೇ ಇತ್ತು."

"ಮೊದ್ಲಿಂದಾನುವೆ?"

"ಮೊದಲಿಂದಲೂ. ಅಕ್ಕ ಕೇಳಿದಾಗಲೂ ಇತ್ತು. ಇಲ್ಲ ಅಂದಿದ್ದೆ."

ಲೈಟಣ್ಣ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ನಾಲ್ಕಾಗಿ ಮಡಿಸಿ, ಗಾಜಿನ ಮೇಲಿಟ್ಟು, ಒಳಗೆ ಹೋಗಿ ಕಂಪ್ಯೂಟರ್ ಹಾಕಿದರು. ನನಗೆ ಬನ್ನಿ ಎನ್ನಲಿಲ್ಲ. ನಾನು ಬಾಗಿಲಲ್ಲೇ ನಿಂತೆ. ತಮಟೆ ಶುರುವಾಯಿತು. ಸದ್ದು ಕೇಳಿ ಪಕ್ಕದ ಟೈಲರ್ ಅಂಗಡಿಯ ಇಬ್ಬರು ಹೆಂಗಸರು ಬಂದರು, ಟೀ ತಂದವರು ಕೆಟಲ್ ಹಿಡಿದುಕೊಂಡೇ ನಿಂತರು. ಹಲ್ಲಿನ ಸೆಟ್ಟಿನ ಅಜ್ಜಿ ಬಂದಾಗ ನಗು ಎದ್ದಿತು. ತಾನು ಎಡವಿ ಆಕಾಶ ಕಂಡ ಕಡೆ ಲೈಟಣ್ಣನೂ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು.

ಕೊನೆಗೆ ಆ ಕಲ್ಲು ಬಂತು, ಹೋಳಿಗೆ ಬಂತು, ಆ ಮುಖ ಬಂತು. ನಾನು ಆ ನೂರ ಮೂವತ್ತೇಳು ಸೆಕೆಂಡೂ ಪರದೆಯನ್ನು ಬಿಟ್ಟು ನೋಡುವವರನ್ನೇ ನೋಡಿದೆ. ಒಬ್ಬೊಬ್ಬರಾಗಿ ಸುಮ್ಮನಾದರು, ಥೇಟು ಅಂದಿನಂತೆ.

"ಯಾರಮ್ಮಿ ಇವ್ರು?" ಎಂದು ಟೈಲರ್ ಅಂಗಡಿಯ ಚಿಕ್ಕವಳು ಇನ್ನೊಬ್ಬಳನ್ನು ಮೆಲ್ಲಗೆ ಕೇಳಿದಳು. ಅವಳ ಬಾಯಿ ತೆರೆದೇ ಇತ್ತು. ಅವಳು ಅದನ್ನು ಮೊದಲ ಸಲ ನೋಡುತ್ತಿದ್ದಳು.

ನನಗೆ ಹೊಟ್ಟೆ ಉರಿಯಿತು.

"ಇನ್ನೊಂದು ಸಲ ಹಾಕಿ ಲೈಟಣ್ಣ," ಎಂದೆ. ಅವರು ತಿರುಗಿ ನೋಡದೆಯೇ ಕಾಲಿನಿಂದ ಒಂದು ಸ್ಟೂಲನ್ನು ನನ್ನ ಕಡೆಗೆ ಸರಿಸಿದರು. ನಾನು ಒಳಗೆ ಹೋಗಿ ಎಲ್ಲರ ಹಿಂದೆ ಕೂತೆ.